ಆರೋಗ್ಯದ ಪಾಠ ಇರಲಿ, ಮೊದಲು ಟಾಯ್ಲೆಟ್ಟಿನ ಚಿಲಕ ಸರಿ ಮಾಡಿಸಿ

(ಶಿಕ್ಷಕರು ಮತ್ತು ಪೋಷಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ಮಧ್ಯೆ ಬಂದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಶಾಲೆಯಲ್ಲಿ ಮಕ್ಕಳ ಆರೋಗ್ಯ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಗೋಡೆಯ ಮೇಲಿನ ಪೋಸ್ಟರು. ಕೈ ತೊಳೆಯಿರಿ, ನೀರು ಕುಡಿಯಿರಿ, ಬೇಗ ಮಲಗಿ. ಪರೀಕ್ಷೆಯಲ್ಲೂ ಇದರ ಮೇಲೆ ಒಂದು ಪ್ರಶ್ನೆ ಬರುತ್ತದೆ, ಮಕ್ಕಳು ಚೆನ್ನಾಗಿ ಬರೆದು ಪೂರ್ತಿ ಅಂಕ ತೆಗೆಯುತ್ತಾರೆ, ಆಮೇಲೆ ಊಟಕ್ಕೆ ಮುಂಚೆ ನಲ್ಲಿಯ ಹತ್ತಿರ ಹೋದರೆ ಅಲ್ಲಿ ಸೋಪೇ ಇರುವುದಿಲ್ಲ. ಹಾಗಾದರೆ ಪಾಠ ಕಲಿಯಬೇಕಾದದ್ದು ಯಾರು? ಮಕ್ಕಳಿಗೆ ಗೊತ್ತಿದೆ. ಗೊತ್ತಿರುವುದನ್ನು ಮಾಡಲು ಶಾಲೆ ಬಿಡುತ್ತಿಲ್ಲ, ಅಷ್ಟೇ. ಇವತ್ತು ನಾನು ಮಾತಾಡುವುದು ಬೆಲ್ಲು, ಬೀಗ, ಕಿಟಕಿ, ನಲ್ಲಿ ಮತ್ತು ಟೈಮ್‌ಟೇಬಲ್ ಬಗ್ಗೆ. ಮಕ್ಕಳಿಗೆ ಬುದ್ಧಿ ಹೇಳುವ ಕಾರ್ಯಕ್ರಮ ಇದಲ್ಲ.

ಟಾಯ್ಲೆಟ್ಟಿನಿಂದ ಶುರು ಮಾಡೋಣ. ಮುಖ ಸಿಂಡರಿಸಬೇಡಿ, ಅತಿ ಮುಖ್ಯವಾದ ವಿಷಯ ಇದೇ.

ಚಿಲಕ ಇಲ್ಲದ, ನೀರು ಬರದ, ವಾಸನೆ ಹೊಡೆಯುವ ಟಾಯ್ಲೆಟ್ಟಿಗೆ ಹೋಗಲು ಮಗು ಹಿಂಜರಿಯುತ್ತದೆ. ಹಿಂಜರಿದ ಮಗು ಏನು ಮಾಡುತ್ತದೆ? ಬೆಳಗ್ಗೆಯಿಂದ ಸಂಜೆವರೆಗೆ ತಡೆದುಕೊಳ್ಳುತ್ತದೆ. ತಡೆದುಕೊಳ್ಳುವುದು ಸುಲಭವಾಗಲಿ ಅಂತ ನೀರು ಕುಡಿಯುವುದನ್ನೇ ಬಿಡುತ್ತದೆ. ನೀರು ಕಮ್ಮಿಯಾದರೆ ಮಲ ಗಟ್ಟಿಯಾಗುತ್ತದೆ, ಗಟ್ಟಿಯಾದರೆ ಹೋಗುವಾಗ ನೋವು, ನೋವಾಗುತ್ತದೆ ಅಂತ ಇನ್ನಷ್ಟು ತಡೆಯುತ್ತದೆ. ಹೀಗೆ ಕರುಳಿನಲ್ಲಿ ತುಂಬಿಕೊಂಡ ಮಲ ಪಕ್ಕದಲ್ಲೇ ಇರುವ ಮೂತ್ರಕೋಶವನ್ನು ಒತ್ತುತ್ತದೆ. ಮೂತ್ರ ಪೂರ್ತಿ ಖಾಲಿಯಾಗುವುದಿಲ್ಲ, ಉಳಿದದ್ದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಸೋಂಕಾಗುತ್ತದೆ. ಹೆಣ್ಣುಮಕ್ಕಳಲ್ಲಿ ಇದು ಜಾಸ್ತಿ, ಏಕೆಂದರೆ ಅವರ ಮೂತ್ರನಾಳ ಚಿಕ್ಕದು. ಕೊನೆಗೆ ಮನೆಯಲ್ಲಿ ಬಟ್ಟೆ ಒದ್ದೆ ಮಾಡಿಕೊಳ್ಳುವ ಮಗುವಿಗೆ ಬೈಗುಳ ಬೇರೆ. ಆ ಮಗುವಿನ ಹೊಟ್ಟೆನೋವಿಗೆ ಔಷಧಿ ಕೊಡಬಹುದು, ಕೊಡುತ್ತೇವೆ ಕೂಡ. ಆದರೆ ಕಾರಣ ಶಾಲೆಯಲ್ಲಿದೆ, ಅದನ್ನು ಒಬ್ಬ ಬಡಗಿ ಅರ್ಧ ಗಂಟೆಯಲ್ಲಿ ಸರಿ ಮಾಡಬಹುದು.

ಇದಕ್ಕೆ ಸೇರಿಸಿ ನಮ್ಮದೊಂದು ನಿಯಮ: ಪಾಠದ ನಡುವೆ ಟಾಯ್ಲೆಟ್ಟಿಗೆ ಕಳಿಸುವುದಿಲ್ಲ, ಬಿಡುವಿನಲ್ಲೇ ಹೋಗಬೇಕು. ಬಿಡುವು ಹತ್ತು ನಿಮಿಷ, ಮಕ್ಕಳು ನೂರಾರು, ಟಾಯ್ಲೆಟ್ಟು ನಾಲ್ಕು. ಲೆಕ್ಕದ ಮೇಷ್ಟ್ರು ಯಾರಾದರೂ ಇದ್ದರೆ ದಯವಿಟ್ಟು ಭಾಗಾಕಾರ ಮಾಡಿ ನೋಡಿ. ಸುಮ್ನೆ ತಿರುಗಾಡಲು ಕೇಳುವ ಹುಡುಗರೂ ಇರುತ್ತಾರೆ, ಇಲ್ಲ ಅನ್ನುವುದಿಲ್ಲ. ಹತ್ತು ಜನ ಸುಳ್ಳು ಹೇಳಿ ಹೋಗಿ ಬಂದರೂ ಪರವಾಗಿಲ್ಲ, ನಿಜವಾಗಿ ಬೇಕಿದ್ದ ಒಂದು ಮಗು ಕೈ ಎತ್ತಿ ಎಲ್ಲರ ಮುಂದೆ ಬೇಡಿಕೊಳ್ಳುವಂತೆ ಆಗಬಾರದು.

ಮುಟ್ಟಾಗುವ ಹೆಣ್ಣುಮಕ್ಕಳಿಗಂತೂ ಇದು ಶಾಲೆಗೆ ಬರುವುದೋ ಬೇಡವೋ ಅನ್ನುವ ಪ್ರಶ್ನೆಯೇ ಆಗಿಬಿಡುತ್ತದೆ. ಪ್ಯಾಡ್ ಹಂಚುವ ಕಾರ್ಯಕ್ರಮ ಮಾಡುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ. ಆದರೆ ಬದಲಾಯಿಸಲು ಚಿಲಕವಿರುವ ಬಾಗಿಲು, ತೊಳೆಯಲು ಒಳಗೇ ನೀರು, ಬಳಸಿದ್ದನ್ನು ಹಾಕಲು ಮುಚ್ಚಳವಿರುವ ಬುಟ್ಟಿ, ಈ ಮೂರೂ ಇಲ್ಲದಿದ್ದರೆ ಆ ಪ್ಯಾಡಿನಿಂದ ಅರ್ಧ ಉಪಯೋಗವಷ್ಟೇ. ಪ್ಯಾಡ್‌ಗಳನ್ನು ಟಾಯ್ಲೆಟ್ಟಿನಲ್ಲೇ ಇಡಿ. ಸ್ಟಾಫ್ ರೂಮಿಗೆ ಬಂದು ಕೇಳಲಿ ಅಂದರೆ ಬಹಳಷ್ಟು ಹುಡುಗಿಯರು ಕೇಳುವುದಿಲ್ಲ.

ಇನ್ನು ಸೋಪು. ಸೋಪಿನ ಅಣುವಿಗೆ ಒಂದು ತುದಿ ನೀರಿಗೆ ಅಂಟುತ್ತದೆ, ಇನ್ನೊಂದು ಜಿಡ್ಡಿಗೆ. ಫ್ಲೂ, ಕೊರೊನಾ ತರಹದ ವೈರಸ್ಸುಗಳ ಹೊರಪದರ ಕೊಬ್ಬಿನದು, ಸೋಪು ಅದನ್ನು ಒಡೆದು ಹಾಕುತ್ತದೆ. 20 ಸೆಕೆಂಡು ಉಜ್ಜಿದರೆ ಸಾಕು. ಶಾಲೆಗಳಲ್ಲಿ ಒಂದೇ ದಿನ ಸಾಲಾಗಿ ಮಕ್ಕಳಿಗೆ ವಾಂತಿ ಶುರುವಾಗುತ್ತದಲ್ಲ, ಅದಕ್ಕೆ ಬಹಳ ಸಲ ಕಾರಣ ನೋರೊವೈರಸ್. ಅದಕ್ಕೆ ಈ ಕೊಬ್ಬಿನ ಪದರವೇ ಇಲ್ಲ. ಹಾಗಾಗಿ ಬಾಗಿಲಲ್ಲಿ ಇಟ್ಟಿರುವ ಸ್ಯಾನಿಟೈಸರ್ ಬಾಟಲಿ ಅದರ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸೋಪು ಹಾಕಿ ಉಜ್ಜಿ, ಹರಿಯುವ ನೀರಿನಲ್ಲಿ ತೊಳೆದು ಕಳಿಸುವುದೇ ದಾರಿ. ಬಾಟಲಿ ಇಟ್ಟು ನಲ್ಲಿಯನ್ನು ಮರೆತ ಶಾಲೆಗಳು ದಯವಿಟ್ಟು ಇದನ್ನು ಗಮನಿಸಬೇಕು.

ಇಲ್ಲಿ ಒಬ್ಬರು ತಾಯಿ ಎದ್ದು ಕೇಳಿದರು: "ಸೋಪು ಇಟ್ಟರೆ ಮಕ್ಕಳು ಹಾಳು ಮಾಡುತ್ತಾರೆ, ಕದಿಯುತ್ತಾರೆ ಅಂತ ಶಾಲೆಯವರು ಹೇಳುತ್ತಾರಲ್ಲ, ಏನು ಮಾಡೋದು?" ಹೌದಮ್ಮ, ಹಾಳಾಗುತ್ತದೆ. ಸೀಮೆಸುಣ್ಣವೂ ಹಾಳಾಗುತ್ತದೆ. ಅದಕ್ಕಾಗಿ ಬೋರ್ಡ್ ಮೇಲೆ ಬರೆಯುವುದನ್ನು ಯಾರೂ ನಿಲ್ಲಿಸಿಲ್ಲ, ಅಲ್ವಾ? ಸೋಪಿನ ಪುಡಿಯನ್ನು ನೀರಿಗೆ ಕಲಸಿ, ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಲ್ಲಿ ನಲ್ಲಿಗೆ ಕಟ್ಟಿಬಿಡಿ. ಅದನ್ನು ಯಾರೂ ಕದಿಯುವುದಿಲ್ಲ.

ಈಗ ಗಾಳಿಯ ವಿಷಯ. ಇದು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಯಾರೂ ದೂರು ಕೊಡುವುದಿಲ್ಲ.

ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷದಲ್ಲಿ ಸುಮಾರು 420 ಪಾಲು ಇರುತ್ತದೆ. ನಾವು ಬಿಡುವ ಉಸಿರಿನಲ್ಲಿ ಅದು ಸುಮಾರು 40,000 ಪಾಲು. ಕಿಟಕಿ ಮುಚ್ಚಿದ, ತುಂಬಿದ ತರಗತಿಯಲ್ಲಿ ಒಂದೆರಡು ಪೀರಿಯಡ್ ಕಳೆಯುವಷ್ಟರಲ್ಲಿ ಇದು 2,000 ದಾಟುವುದು ಮಾಮೂಲಿ. ಅಂದರೆ ಏನಾಯಿತು? ಆ ಕೋಣೆಯಲ್ಲಿ ಮಗು ಎಳೆದುಕೊಳ್ಳುವ ಗಾಳಿಯಲ್ಲಿ ಸುಮಾರು 25ರಲ್ಲಿ ಒಂದು ಪಾಲು ಬೇರೆ ಯಾರೋ ಆಗಲೇ ಒಳಗೆಳೆದು ಬಿಟ್ಟ ಗಾಳಿ. ಬೇರೆಯವರು ಕುಡಿದು ಉಳಿಸಿದ ಲೋಟದ ನೀರನ್ನು ಕುಡಿಯಲು ಒಪ್ಪದ ನಾವು ಇದನ್ನು ದಿನಕ್ಕೆ ಆರು ಗಂಟೆ ಒಪ್ಪಿಕೊಂಡಿದ್ದೇವೆ. ಮಧ್ಯಾಹ್ನದ ಪೀರಿಯಡ್‌ನಲ್ಲಿ ಹಿಂದಿನ ಬೆಂಚು ತೂಕಡಿಸುವುದಕ್ಕೆ ಊಟವನ್ನೊಂದೇ ದೂರಬೇಡಿ, ಕಿಟಕಿಯನ್ನೂ ನೋಡಿ. ಕಾರ್ಬನ್ ಡೈಆಕ್ಸೈಡ್ ಅಳೆಯುವ ಚಿಕ್ಕ ಮೀಟರುಗಳು ಸಿಗುತ್ತವೆ, ಶಾಲೆಗೊಂದು ಇದ್ದರೆ ಸಾಕು. ಒಂದೊಂದು ವಾರ ಒಂದೊಂದು ತರಗತಿಯಲ್ಲಿಟ್ಟು ಮಕ್ಕಳಿಂದಲೇ ಅಳತೆ ಬರೆಸಿ. ವಿಜ್ಞಾನದ ಪಾಠವೂ ಆಯಿತು.

ಇದು ಹೊಸ ಮಾತೇನೂ ಅಲ್ಲ. 1904ರಲ್ಲಿ ಜರ್ಮನಿಯ ಶಾರ್ಲೊಟನ್‌ಬರ್ಗ್‌ನಲ್ಲಿ ಕಾಡಿನೊಳಗೇ ಒಂದು ಶಾಲೆ ಶುರು ಮಾಡಿದರು, ಕಾಯಿಲೆಯಿಂದ ಸೊರಗಿದ ಮಕ್ಕಳಿಗಾಗಿ. 1908ರಲ್ಲಿ ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ ಮೇರಿ ಪ್ಯಾಕರ್ಡ್ ಮತ್ತು ಎಲೆನ್ ಸ್ಟೋನ್ ಅನ್ನುವ ಇಬ್ಬರು ವೈದ್ಯೆಯರ ಪ್ರಯತ್ನದಿಂದ ಕ್ಷಯದ ತೊಂದರೆಯಿದ್ದ ಮಕ್ಕಳಿಗೆ ಅಂಥದ್ದೇ ಬಯಲು ತರಗತಿ ತೆರೆಯಿತು. ಆಗ ಕ್ಷಯಕ್ಕೆ ಔಷಧಿಯೇ ಇರಲಿಲ್ಲ, ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಇದ್ದದ್ದು ಗಾಳಿ, ಬೆಳಕು, ಊಟ, ವಿಶ್ರಾಂತಿ, ಇಷ್ಟೇ. ಚಳಿಯಲ್ಲೂ ಕಂಬಳಿ ಹೊದ್ದು ಮಕ್ಕಳು ಪಾಠ ಕೇಳುತ್ತಿದ್ದರು. ಔಷಧಿ ಬಂದ ಮೇಲೆ ನಾವು ನಿಧಾನಕ್ಕೆ ಕಿಟಕಿ ಮುಚ್ಚಿಕೊಂಡೆವು. ರಸ್ತೆಯ ಹೊಗೆ ನೇರ ಒಳಗೆ ಬರುವ ಕಡೆ ಕಿಟಕಿ ತೆರೆಯುವುದು ಕಷ್ಟ ಅನ್ನುವುದು ನಿಜ. ಅಂಥ ಕಡೆ ಹೊಗೆ ಕಡಿಮೆ ಇರುವ ಬದಿಯ ಕಿಟಕಿ ತೆಗೆಯಿರಿ, ಬಿಡುವಿನಲ್ಲಿ ಕೋಣೆ ಖಾಲಿ ಮಾಡಿಸಿ ಬಾಗಿಲು ಕಿಟಕಿ ಎಲ್ಲ ತೆರೆದಿಡಿ.

ಗಾಳಿಯಲ್ಲಿ ಹರಡುವ ಕಾಯಿಲೆಗಳಲ್ಲಿ ದಡಾರವನ್ನು ಮೀರಿಸುವಂಥದ್ದು ಇಲ್ಲವೆಂದೇ ಹೇಳಬಹುದು. ದಡಾರ ಬಂದ ಮಗು ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ವೈರಸ್ ಆ ಕೋಣೆಯ ಗಾಳಿಯಲ್ಲಿ ಉಳಿಯಬಲ್ಲದು. ಲಸಿಕೆ ಯಾರಿಗೂ ಆಗಿಲ್ಲದ ಕಡೆ ಒಬ್ಬರಿಂದ 12ರಿಂದ 18 ಜನಕ್ಕೆ ಹರಡುತ್ತದೆ. ಅದಕ್ಕೇ ಸುಮಾರು 95 ಶೇಕಡಾ ಮಕ್ಕಳಿಗೆ ಎರಡು ಡೋಸ್ ಆಗಿರಬೇಕು ಅನ್ನುವುದು. ಸೇರಿಸಿಕೊಳ್ಳುವಾಗ ಲಸಿಕೆ ಕಾರ್ಡಿನ ಜೆರಾಕ್ಸ್ ತೆಗೆದು ಫೈಲಿಗೆ ಹಾಕಿ ಮರೆಯುವ ಬದಲು, ಯಾರಿಗೆ ಯಾವ ಡೋಸ್ ಬಾಕಿ ಇದೆ ಅಂತ ಒಂದು ಪಟ್ಟಿ ಮಾಡಿ ಪೋಷಕರಿಗೆ ಫೋನ್ ಮಾಡಿ. ಅರ್ಧ ದಿನದ ಕೆಲಸ.

ಇನ್ನೊಂದು ಮಾತು ಹೇಳುತ್ತೇನೆ, ಕೆಲವರಿಗೆ ಬೇಜಾರಾಗಬಹುದು. ನೂರಕ್ಕೆ ನೂರು ಹಾಜರಾತಿಗೆ ಕೊಡುವ ಬಹುಮಾನವನ್ನು ನಿಲ್ಲಿಸಿ. ಜ್ವರ ಇರುವ ಮಗುವಿಗೆ ಬೆಳಗ್ಗೆ ಮಾತ್ರೆ ನುಂಗಿಸಿ ಶಾಲೆಗೆ ಕಳಿಸುವುದು ಈ ಸರ್ಟಿಫಿಕೇಟಿಗಾಗಿ. ಮಾತ್ರೆಯ ಪ್ರಭಾವ ಮಧ್ಯಾಹ್ನಕ್ಕೆ ಇಳಿಯುತ್ತದೆ, ಅಷ್ಟರಲ್ಲಿ ಅಕ್ಕಪಕ್ಕದವರಿಗೆ ಹಂಚಿಯಾಗಿರುತ್ತದೆ. ಕಾಯಿಲೆ ಬೀಳದೇ ಇರುವುದು ಆ ಮಗುವಿನ ಸಾಧನೆಯೂ ಅಲ್ಲ, ಬೀಳುವುದು ತಪ್ಪೂ ಅಲ್ಲ. ಜ್ವರಕ್ಕೆ ನಿಯಮ ಸುಲಭ: ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬರದಿದ್ದರೆ ಕಳಿಸಿ. ವಾಂತಿ-ಭೇದಿ ಆದರೆ, ನಿಂತ ಮೇಲೆ 48 ಗಂಟೆ ಮನೆಯಲ್ಲಿರಲಿ. ಸುಮ್ನೆ ಮೂಗು ಸೋರುತ್ತಿದೆ, ಮಗು ಆಡಿಕೊಂಡಿದೆ ಅಂದರೆ ಕಳಿಸಬಹುದು, ಅದಕ್ಕೆಲ್ಲ ಮನೆಯಲ್ಲಿ ಇಟ್ಟುಕೊಂಡರೆ ವರ್ಷಪೂರ್ತಿ ರಜೆಯೇ. ಹೇನಿಗಂತೂ ಪಾಠದ ಮಧ್ಯೆ ಮಗುವನ್ನು ಎಬ್ಬಿಸಿ ಮನೆಗೆ ಅಟ್ಟುವ ಅಗತ್ಯ ಇಲ್ಲವೇ ಇಲ್ಲ. ಹೇನು ಹಾರುವುದಿಲ್ಲ, ನೆಗೆಯುವುದಿಲ್ಲ, ತಲೆಗೆ ತಲೆ ತಾಗಿದರೆ ಹತ್ತುತ್ತದೆ. ನೀವು ಅದನ್ನು ಕಾಣುವ ಹೊತ್ತಿಗೆ ಅದು ಅಲ್ಲಿ ಎಷ್ಟೋ ದಿನಗಳಿಂದ ಇರುತ್ತದೆ. ಸಂಜೆ ಅಮ್ಮನಿಗೆ ಗುಟ್ಟಾಗಿ ಹೇಳಿದರೆ ಸಾಕು. ತರಗತಿಯ ಮುಂದೆ ಹೇಳಿದರೆ ಹೇನು ಹೋದರೂ ಅಡ್ಡಹೆಸರು ಉಳಿಯುತ್ತದೆ.

ಮನೆಯಲ್ಲಿ ಉಳಿಯುವ ಮಗುವಿಗೆ ತಪ್ಪಿದ ಪಾಠ ಹೇಗೆ ಸಿಗುತ್ತದೆ ಅನ್ನುವುದನ್ನೂ ಶಾಲೆಯೇ ಯೋಚಿಸಬೇಕು. ಇಲ್ಲದಿದ್ದರೆ ಯಾವ ತಂದೆ ತಾಯಿಯೂ ನಿಮ್ಮ ನಿಯಮ ಪಾಲಿಸುವುದಿಲ್ಲ.

ಕಣ್ಣಿನ ವಿಷಯಕ್ಕೆ ಬರುತ್ತೇನೆ. ದೂರದ್ದು ಮಸುಕಾಗಿ ಕಾಣುವ ಮಗು ತನಗೆ ಕಾಣುತ್ತಿಲ್ಲ ಅಂತ ಹೇಳುವುದಿಲ್ಲ. ಏಕೆಂದರೆ ಎಲ್ಲರಿಗೂ ಹೀಗೇ ಕಾಣುತ್ತದೆ ಅಂತ ಅದು ತಿಳಿದಿರುತ್ತದೆ. ನಮಗೆ ಕಾಣುವುದು ನೋಟ್ಸ್ ಪೂರ್ತಿ ಮಾಡದ, ಪಕ್ಕದವನ ಪುಸ್ತಕ ನೋಡಿ ಬರೆಯುವ "ಸೋಮಾರಿ" ಹುಡುಗ. ಹಾಗಾಗಿ ವರ್ಷಕ್ಕೊಮ್ಮೆ ಆರು ಮೀಟರ್ ದೂರದಲ್ಲಿ ಅಕ್ಷರದ ಚಾರ್ಟ್ ನೇತುಹಾಕಿ, ಒಂದು ಕಣ್ಣು ಮುಚ್ಚಿಸಿ ಓದಿಸಿ. ಇದನ್ನು ಟೀಚರೇ ಮಾಡಬಹುದು.

ಆದರೆ ಕನ್ನಡಕ ಬರದಂತೆ ತಡೆಯುವುದು ಇನ್ನೂ ಒಳ್ಳೆಯದಲ್ಲವೇ? ದೂರದ್ದು ಮಸುಕಾಗುವುದು, ಅಂದರೆ ಸಮೀಪದೃಷ್ಟಿ ದೋಷ ಬರುವುದು, ಕಣ್ಣಿನ ಗುಡ್ಡೆ ಉದ್ದುದ್ದ ಬೆಳೆದಾಗ. ಬಯಲಿನ ಬೆಳಕು ಆ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ತರಗತಿಯೊಳಗೆ 300ರಿಂದ 500 ಲಕ್ಸ್ (ಬೆಳಕಿನ ಅಳತೆ) ಬೆಳಕು ಇದ್ದರೆ ಹೊರಗೆ ಹಗಲಿನಲ್ಲಿ 10,000 ಮೀರಿ ಇರುತ್ತದೆ, ಎಷ್ಟೇ ಟ್ಯೂಬ್‌ಲೈಟ್ ಹಾಕಿದರೂ ಅದಕ್ಕೆ ಸಮ ಆಗುವುದಿಲ್ಲ. ಚೀನಾದ ಗ್ವಾಂಗ್‌ಝೌ ನಗರದಲ್ಲಿ ಒಂದನೇ ತರಗತಿಯ ಮಕ್ಕಳ ಮೇಲೆ ಮಾಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಕೆಲವು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಮಕ್ಕಳನ್ನು ಹೊರಗೆ ಬಿಟ್ಟರು, ಶಾಲೆ ಬಿಟ್ಟ ಮೇಲೂ ಹೊರಗೆ ಕರೆದೊಯ್ಯಿರಿ ಅಂತ ಪೋಷಕರಿಗೆ ಹೇಳಿದರು. ಮೂರು ವರ್ಷದ ಮೇಲೆ ನೋಡಿದರೆ ಆ ಶಾಲೆಗಳಲ್ಲಿ ಸುಮಾರು 30 ಶೇಕಡಾ ಮಕ್ಕಳಿಗೆ ಸಮೀಪದೃಷ್ಟಿ ದೋಷ ಬಂದಿತ್ತು, ಉಳಿದ ಶಾಲೆಗಳಲ್ಲಿ ಸುಮಾರು 40 ಶೇಕಡಾ. ತೈವಾನ್ 2010ರಿಂದ ದಿನಕ್ಕೆ 120 ನಿಮಿಷ ಮಕ್ಕಳು ಹೊರಗಿರಬೇಕು ಅಂತ ದೇಶದ ಶಾಲೆಗಳಲ್ಲೇ ಜಾರಿಗೆ ತಂದಿತು. ವರ್ಷ ವರ್ಷ ಏರುತ್ತಿದ್ದ ಪ್ರಮಾಣ ಆಮೇಲೆ ಇಳಿಯತೊಡಗಿತು. ಮರದ ನೆರಳಿನಲ್ಲಿ ಕೂತರೂ ಆಗುತ್ತದೆ, ಬಿಸಿಲಲ್ಲಿ ನಿಲ್ಲಿಸಿ ಅಂತ ನಾನು ಹೇಳಲಿಲ್ಲ.

ಆಟದ ಪೀರಿಯಡ್ ಬಗ್ಗೆ ನಿಮಗೂ ಗೊತ್ತು, ನನಗೂ ಗೊತ್ತು. ಪರೀಕ್ಷೆ ಹತ್ತಿರ ಬಂದರೆ ಅದನ್ನು ಗಣಿತ ನುಂಗುತ್ತದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಉಸಿರು ಬರುವಷ್ಟು ಓಡಾಟ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೋಂವರ್ಕ್ ಮಾಡಿಲ್ಲ ಅಂತ ಆಟಕ್ಕೆ ಬಿಡದಿರುವುದು ಒಂದು ಕಡೆ, ಗಲಾಟೆ ಮಾಡಿದ್ದಕ್ಕೆ ಮೈದಾನ ಐದು ಸುತ್ತು ಓಡಿಸುವುದು ಇನ್ನೊಂದು ಕಡೆ. ಓಡುವುದು ಶಿಕ್ಷೆ ಅಂತ ಹತ್ತು ವರ್ಷ ಕಲಿಸಿ, ಆಮೇಲೆ ದೊಡ್ಡವರಾದ ಮೇಲೆ ಯಾರೂ ವ್ಯಾಯಾಮ ಮಾಡುವುದಿಲ್ಲ ಅಂತ ಕೊರಗುತ್ತೇವೆ. ಬ್ಯಾಗಿನ ಭಾರದ ಮಾತು ನೀವೆಲ್ಲ ಬೇಕಾದಷ್ಟು ಕೇಳಿದ್ದೀರಿ, ಮಗುವಿನ ತೂಕದ ಹತ್ತರಲ್ಲೊಂದು ಪಾಲು ಮೀರದಿರಲಿ ಅಂತಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ನಿದ್ದೆ. ಇಲ್ಲಿ ಹೈಸ್ಕೂಲಿನವರು ಸ್ವಲ್ಪ ಕಿವಿ ಕೊಡಬೇಕು. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಆದರೆ ಹರೆಯ ಬಂದ ಹಾಗೆ ಮೆಲಟೋನಿನ್ ಅನ್ನುವ ನಿದ್ದೆಯ ಹಾರ್ಮೋನು ರಾತ್ರಿ ತಡವಾಗಿ ಏರಲು ಶುರುವಾಗುತ್ತದೆ, ಎರಡು ಗಂಟೆಯಷ್ಟು ತಡವೂ ಆಗಬಹುದು. ಮೊಬೈಲ್ ಅದನ್ನು ಇನ್ನಷ್ಟು ಕೆಡಿಸುತ್ತದೆ, ಅನುಮಾನ ಇಲ್ಲ. ಆದರೆ ಮೊಬೈಲ್ ಕಿತ್ತಿಟ್ಟರೂ ಹದಿನೈದರ ಹುಡುಗ ಒಂಬತ್ತಕ್ಕೆ ಮಲಗುವುದು ಕಷ್ಟ, ಅವನ ಮೈಯ ಗಡಿಯಾರವೇ ಹಾಗಿದೆ. ಅಂಥವನನ್ನು ಬೆಳಗಿನ ಜಾವ ಎಬ್ಬಿಸಿ ಸ್ಪೆಷಲ್ ಕ್ಲಾಸಿಗೆ ಕೂರಿಸಿದರೆ ಕಲಿಯುವುದೇನು? ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ದೊಡ್ಡ ಮಕ್ಕಳ ಶಾಲೆ ಬೆಳಗ್ಗೆ 8:30ಕ್ಕಿಂತ ಮುಂಚೆ ಶುರುವಾಗಬಾರದು ಅಂದಿತು. ಸಿಯಾಟಲ್ ನಗರದ ಹೈಸ್ಕೂಲುಗಳು 2016ರಲ್ಲಿ ಹೊತ್ತು ಮುಂದೆ ಹಾಕಿದವು. ಮಕ್ಕಳ ಕೈಗೆ ನಿದ್ದೆ ಅಳೆಯುವ ಪಟ್ಟಿ ಕಟ್ಟಿ ನೋಡಿದಾಗ ದಿನಕ್ಕೆ 34 ನಿಮಿಷ ನಿದ್ದೆ ಜಾಸ್ತಿಯಾಗಿತ್ತು. ತಡವಾಗಿ ಶುರುವಾದರೆ ತಡವಾಗಿ ಮಲಗುತ್ತಾರೆ ಅನ್ನುವ ವಾದ ಅಲ್ಲಿ ನಿಲ್ಲಲಿಲ್ಲ.

ಒಬ್ಬರು ಮೇಷ್ಟ್ರು ಕೇಳಿದರು: "ಹೊಟ್ಟೆನೋವು ಅಂತ ಸೋಮವಾರ ಸೋಮವಾರ ಬರುತ್ತಾರೆ, ನಾಟಕ ಅಂತ ಗೊತ್ತಾಗುತ್ತೆ. ಏನು ಮಾಡಬೇಕು ಸಾರ್?" ಒಳ್ಳೆಯ ಪ್ರಶ್ನೆ. ಆ ನೋವು ಬಹಳ ಸಲ ನಿಜವಾದ ನೋವೇ. ಹೆದರಿದ ಮಗುವಿನ ಕರುಳು ನಿಜವಾಗಿ ಹಿಂಡುತ್ತದೆ. ನಾಟಕ ಅಂತ ತೀರ್ಮಾನಿಸುವ ಮೊದಲು ವಾರ ಬರೆದಿಟ್ಟುಕೊಳ್ಳಿ, ಪೀರಿಯಡ್ ಬರೆದಿಟ್ಟುಕೊಳ್ಳಿ. ಯಾವ ಪಾಠಕ್ಕೆ ಮುಂಚೆ, ಯಾರ ಪಕ್ಕ ಕೂತಾಗ, ಯಾವ ಬಸ್ಸಿನಲ್ಲಿ ಬಂದಾಗ? ಕಾಡುವ ಹುಡುಗರು, ಹೊಡೆಯುವ ಟೀಚರು, ಓದಲು ಬಾರದ ಪಾಠ, ಮನೆಯ ಜಗಳ, ಯಾವುದೋ ಒಂದು ಹೊರಗೆ ಬರುತ್ತದೆ. ಹತ್ತರಿಂದ ಹತ್ತೊಂಬತ್ತು ವರ್ಷದವರಲ್ಲಿ ಏಳರಲ್ಲಿ ಒಬ್ಬರಿಗೆ ಯಾವುದಾದರೂ ಮಾನಸಿಕ ತೊಂದರೆ ಇರುತ್ತದೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಿಮ್ಮ ತರಗತಿಯ ಹಾಜರಿ ಪುಸ್ತಕ ತೆಗೆದು ಏಳರಿಂದ ಭಾಗಿಸಿ. ಅಷ್ಟೂ ಮಕ್ಕಳಿಗೆ ನೀವೇ ಚಿಕಿತ್ಸೆ ಕೊಡಬೇಕಾಗಿಲ್ಲ. ಮಗು ಹೇಳಿದ್ದನ್ನು ಸ್ಟಾಫ್ ರೂಮಿನಲ್ಲಿ ಜೋಕ್ ಮಾಡದೆ, ಗೊತ್ತಿರುವವರ ಹತ್ತಿರ ಕಳಿಸಿದರೆ ಆಯಿತು. ಸಾಯುವ ಮಾತಾಡಿದರೆ ಮಾತ್ರ ಕಾಯಬೇಡಿ, ಒಂಟಿಯಾಗಿ ಬಿಡಬೇಡಿ, ಅವತ್ತೇ ಮನೆಯವರಿಗೆ ತಿಳಿಸಿ ವೈದ್ಯರಿಗೆ ತೋರಿಸಿ.

ಕೊನೆಗೆ ತುರ್ತಿನ ವಿಷಯ. ಅಸ್ತಮಾ ಇರುವ ಮಗುವಿನ ಇನ್ಹೇಲರ್ ಎಲ್ಲಿರುತ್ತದೆ? ಆಫೀಸಿನ ಬೀರುವಿನಲ್ಲಿ. ಬೀಗದ ಕೈ ಯಾರ ಹತ್ತಿರ? ಕ್ಲರ್ಕ್ ಹತ್ತಿರ. ಕ್ಲರ್ಕ್ ಎಲ್ಲಿ? ಬ್ಯಾಂಕಿಗೆ ಹೋಗಿದ್ದಾರೆ. ನಗಬೇಡಿ, ಉಸಿರು ಸಿಗದ ಮಗುವಿಗೆ ಅಷ್ಟು ಹೊತ್ತು ಇರುವುದಿಲ್ಲ. ಬಳಸಲು ಕಲಿತ ಮಗುವಿನ ಇನ್ಹೇಲರ್ ಅದರ ಬ್ಯಾಗಿನಲ್ಲೇ ಇರಲಿ, ಆಟದ ಮೈದಾನಕ್ಕೂ ಜೊತೆಗೆ ಹೋಗಲಿ. ಚಿಕ್ಕ ಮಕ್ಕಳದು ಕ್ಲಾಸ್ ಟೀಚರ್ ಹತ್ತಿರ, ಬೀಗವಿಲ್ಲದ ಡ್ರಾಯರಿನಲ್ಲಿ.

ಫಿಟ್ಸ್ ಬಂದರೆ ಏನು ಮಾಡಬೇಕು ಅಂತ ಇಲ್ಲಿ ಎಷ್ಟು ಜನಕ್ಕೆ ಗೊತ್ತು? ಕೈಗಳು ಜಾಸ್ತಿ ಮೇಲೆ ಬರಲಿಲ್ಲ. ಬಾಯಿಗೆ ಏನನ್ನೂ ತುರುಕಬೇಡಿ, ಚಮಚ ಬೇಡ, ಬಟ್ಟೆ ಬೇಡ, ನೀರಂತೂ ಬೇಡವೇ ಬೇಡ. ನಾಲಿಗೆ ನುಂಗುವುದು ಅನ್ನುವುದೆಲ್ಲ ಸುಳ್ಳು. ಕೈಕಾಲು ಒತ್ತಿ ಹಿಡಿಯಬೇಡಿ. ಸುತ್ತಲಿನ ಬೆಂಚು ಸರಿಸಿ, ತಲೆಯ ಕೆಳಗೆ ಮೆತ್ತಗಿನದ್ದು ಇಡಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ಮೀರಿದರೆ ಅಥವಾ ಒಂದರ ಹಿಂದೆ ಒಂದು ಬಂದರೆ ಆಂಬುಲೆನ್ಸ್ ಕರೆಯಿರಿ. ಮೊದಲ ಸಲ ಬಂದದ್ದಾದರೂ ಕರೆಯಿರಿ. ಎಚ್ಚರವಾದ ಮೇಲೆ ಆ ಮಗು ಕಣ್ಣು ಬಿಟ್ಟಾಗ ಸುತ್ತಲೂ ಇಡೀ ಶಾಲೆ ನಿಂತಿರಬಾರದು, ಅದಕ್ಕೂ ಒಬ್ಬರನ್ನು ನೇಮಿಸಿ.

"ಇಷ್ಟೆಲ್ಲ ಮಾಡಲು ಯಾರಿಗೆ ಪುರುಸೊತ್ತಿದೆ ಸಾರ್, ನಮಗೆ ಈಗಾಗಲೇ ಕೆಲಸ ತಲೆ ಮೇಲಿದೆ" ಅಂತ ಒಬ್ಬರು ಟೀಚರ್ ಹೇಳಿದರು, ಸಭೆ ಚಪ್ಪಾಳೆ ತಟ್ಟಿತು. ಅವರು ಹೇಳಿದ್ದು ಸರಿ. ಎಲ್ಲರ ಕೆಲಸ ಅಂದರೆ ಯಾರ ಕೆಲಸವೂ ಅಲ್ಲ. ಜಪಾನಿನ ಶಾಲೆಗಳಲ್ಲಿ ಇದಕ್ಕೆಂದೇ ತರಬೇತಿ ಪಡೆದ ಬೇರೆ ಶಿಕ್ಷಕರಿರುತ್ತಾರೆ, ಯೋಗೊ ಟೀಚರ್ ಅನ್ನುತ್ತಾರೆ, ಅವರಿಗೊಂದು ಕೋಣೆಯೂ ಇರುತ್ತದೆ. ಅಂಥವರು ಇಲ್ಲದ ಶಾಲೆಯಲ್ಲಿ ಹೆಡ್ಮಾಸ್ಟರು ಒಬ್ಬ ಟೀಚರನ್ನು ಆರಿಸಬೇಕು. ಆರಿಸಿದ ದಿನವೇ ಅವರ ಟೈಮ್‌ಟೇಬಲ್‌ನಿಂದ ವಾರಕ್ಕೆ ಎರಡು ಪೀರಿಯಡ್ ಕಡಿಮೆ ಮಾಡಬೇಕು, ಸಂಜೆ ನಾಲ್ಕರ ಮೇಲೆ ಮಾಡಿ ಅನ್ನಬಾರದು. ಆ ಎರಡು ಪೀರಿಯಡ್‌ನಲ್ಲಿ ಅವರು ಮೊದಲು ಮಾಡಬೇಕಾದದ್ದು ಒಂದು ನೋಟ್‌ಬುಕ್ ಹಿಡಿದು ಪ್ರತಿ ಟಾಯ್ಲೆಟ್ಟಿನ ಒಳಗೆ ಹೋಗಿ, ಬಾಗಿಲು ಹಾಕಿ ನೋಡುವುದು: ಚಿಲಕ ಬೀಳುತ್ತದೆಯೇ, ನೀರು ಬರುತ್ತದೆಯೇ, ಬುಟ್ಟಿ ಇದೆಯೇ, ಬೆಳಕಿದೆಯೇ. ಆ ಪಟ್ಟಿಯನ್ನು ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿಗಿಂತ ಮೊದಲು ಓದಿ. ಪೋಷಕರೇ, ಓದದಿದ್ದರೆ ನೀವು ಕೇಳಿ.